ಕಡಿಮೆ ದುಡ್ಡಿನಲ್ಲಿ ಎಲೆಕ್ಟ್ರಿಕ್ ಗಿಟಾರ್: ಹಳೆಯದೋ, ಕಿಟ್ಟೋ, ಊರಿನ ಮರವೋ?

ಕಳೆದ ಕೆಲವು ತಿಂಗಳಲ್ಲಿ ಮೂರು ಜನ ನನ್ನನ್ನು ಒಂದೇ ಪ್ರಶ್ನೆ ಕೇಳಿದರು. ಎಲೆಕ್ಟ್ರಿಕ್ ಗಿಟಾರ್ ನಾನೇ ಕಟ್ಟಬೇಕು, ದುಡ್ಡು ಜಾಸ್ತಿ ಇಲ್ಲ, ಎಲ್ಲಿಂದ ಶುರು ಮಾಡಲಿ ಅಂತ. ಒಬ್ಬ ದಾವಣಗೆರೆಯ ಕಾಲೇಜು ಹುಡುಗ, ಅವನ ಕೈಯಲ್ಲಿರುವುದು ಹತ್ತು ಸಾವಿರ. ಇನ್ನೊಬ್ಬರು ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾರೆ. ಬಿಡುವು ಸಿಗುವುದು ಶನಿವಾರ, ಭಾನುವಾರ ಮಾತ್ರ, ಜಾಗ ಅಂದರೆ ಫ್ಲ್ಯಾಟಿನ ಬಾಲ್ಕನಿ. ಮೂರನೆಯವಳು ಶಿರಸಿ ಕಡೆಯ ಹುಡುಗಿ. ಅಪ್ಪ ಮರಗೆಲಸದವರು, ಮನೆಯಲ್ಲೇ ರೌಟರ್ (ಮರದಲ್ಲಿ ಗುಳಿ ಕೊರೆಯುವ ಯಂತ್ರ), ಉಳಿ, ಉದ್ದದ ಬೆಂಚು ಎಲ್ಲ ಇದೆ. ಮೂವರಿಗೂ ನಾನು ಕೊಟ್ಟ ಉತ್ತರ ಬೇರೆ ಬೇರೆ. ಯಾಕೆ ಅಂತ ಇಲ್ಲಿ ಬಿಡಿಸಿ ಹೇಳುತ್ತೇನೆ.

ಮೊದಲೇ ಒಂದು ಮಾತು. ದುಡ್ಡು ಉಳಿಸುವುದೊಂದೇ ಗುರಿಯಾದರೆ ಕಟ್ಟಲು ಹೋಗಬೇಡಿ. ಕಾರ್ಖಾನೆಯವರು ಸಾವಿರಗಟ್ಟಲೆ ಗಿಟಾರ್ ಮಾಡುತ್ತಾರೆ, ಎಲ್ಲ ಭಾಗಗಳನ್ನೂ ಸಗಟಿನಲ್ಲಿ ತರುತ್ತಾರೆ. ಬಿಡಿ ಬಿಡಿಯಾಗಿ ಕೊಳ್ಳುವ ನಮಗೆ ಆ ಬೆಲೆ ಗಿಟ್ಟುವುದಿಲ್ಲ. ಕಟ್ಟುವುದರಿಂದ ಸಿಗುವ ಲಾಭ ಬೇರೆ. ತಂತಿ ಯಾಕೆ ಜುಂಯ್ ಅನ್ನುತ್ತದೆ, ಮೇಲಿನ ಫ್ರೆಟ್‌ಗಳಲ್ಲಿ (ಬೆರಳೊತ್ತುವ ಕಡೆ ಅಡ್ಡಕ್ಕೆ ಕೂರುವ ಲೋಹದ ಪಟ್ಟಿಗಳು) ಶ್ರುತಿ ಯಾಕೆ ತಪ್ಪುತ್ತದೆ, ಮಳೆಗಾಲದಲ್ಲಿ ಆಕ್ಷನ್, ಅಂದರೆ ಫ್ರೆಟ್‌ಗಳಿಂದ ತಂತಿಯ ಎತ್ತರ, ಯಾಕೆ ಏರುತ್ತದೆ, ಇವೆಲ್ಲ ಕೈಗೇ ಅರ್ಥವಾಗಿಬಿಡುತ್ತವೆ. ಆಮೇಲೆ ಯಾವ ಗಿಟಾರನ್ನೂ ಹೆದರಿಕೆಯಿಲ್ಲದೆ ಬಿಚ್ಚಬಹುದು.

ಏನು ನೋಡಿ ಆರಿಸಬೇಕು

ನಾನು ಮೊದಲು ನೋಡುವುದು ನೆಕ್, ಅಂದರೆ ತಂತಿ ಒತ್ತುವ ಕೈ ಹಿಡಿಯುವ ಉದ್ದನೆಯ ಕುತ್ತಿಗೆ. 10ರಿಂದ 46ರ (ದಪ್ಪ, ಇಂಚಿನ ಸಾವಿರದೊಂದು ಭಾಗದ ಲೆಕ್ಕದಲ್ಲಿ) ತಂತಿ ಸೆಟ್ ಹಾಕಿ ಮಾಮೂಲಿ ಶ್ರುತಿಗೆ ಏರಿಸಿದರೆ ಆರೂ ತಂತಿ ಸೇರಿ 45 ಕೆಜಿಗೂ ಜಾಸ್ತಿ ಎಳೆಯುತ್ತವೆ. ಹೆಚ್ಚುಕಡಿಮೆ ಒಂದು ಸಿಮೆಂಟ್ ಮೂಟೆಯ ಭಾರ. ಒಂದಿಂಚೂ ದಪ್ಪವಿಲ್ಲದ ಮರದ ಪಟ್ಟಿ ಆ ಎಳೆತವನ್ನು ವರ್ಷಗಟ್ಟಲೆ ತಡೆಯಬೇಕು. ಅದರ ಹೊಟ್ಟೆಯೊಳಗೆ ಟ್ರಸ್ ರಾಡ್, ಅಂದರೆ ನೆಕ್ಕಿನ ಬಾಗು ತಿದ್ದುವ ಲೋಹದ ಸರಳು, ಕೂರಬೇಕು. ಮೇಲೆ 21 ಅಥವಾ 22 ಫ್ರೆಟ್‌ಗಳು ಕೂದಲೆಳೆಯಷ್ಟೂ ಆಚೀಚೆ ಆಗದಂತೆ, ಎಲ್ಲವೂ ಒಂದೇ ಎತ್ತರದಲ್ಲಿ ಇರಬೇಕು. ಬಾಡಿ ಸೊಟ್ಟಗಾದರೆ ನೋಡಲು ಚೆನ್ನಾಗಿರುವುದಿಲ್ಲ, ಅಷ್ಟೇ. ನೆಕ್ ಸೊಟ್ಟಗಾದರೆ ನುಡಿಸಲಿಕ್ಕೇ ಆಗುವುದಿಲ್ಲ. ಹಾಗಾಗಿ ಹಳೆ ಗಿಟಾರ್ ಬದಲಾಯಿಸುವುದು, ಕಿಟ್ ಜೋಡಿಸುವುದು, ಎಲ್ಲವನ್ನೂ ನಾವೇ ಮಾಡುವುದು, ನೆಕ್ ಕೊಂಡು ಬಾಡಿ ಮಾಡುವುದು, ಈ ನಾಲ್ಕು ದಾರಿಗಳನ್ನೂ ನಾನು ಒಂದೇ ಪ್ರಶ್ನೆಯಿಂದ ತೂಗುತ್ತೇನೆ: ಇಲ್ಲಿ ನೆಕ್ ಮಾಡುವವರು ಯಾರು?

ಎರಡನೆಯದು ಸಲಕರಣೆಯ ಖರ್ಚು. ಎಲ್ಲರೂ ಗಿಟಾರಿನ ಭಾಗಗಳ ಲೆಕ್ಕ ಹಾಕುತ್ತಾರೆ. ಡ್ರಿಲ್, ಕ್ಲ್ಯಾಂಪ್, ಸೋಲ್ಡರಿಂಗ್ ಐರನ್, ಫ್ರೆಟ್ ಫೈಲ್, ಸ್ಯಾಂಡ್ ಪೇಪರ್ ಇವನ್ನು ಮರೆಯುತ್ತಾರೆ. ಹತ್ತು ಸಾವಿರದ ಗಿಟಾರ್ ಹದಿನೈದಕ್ಕೆ ಏರುವುದು ಹೀಗೆ. ಮೂರನೆಯದು ಜಾಗ. ರೌಟರ್ ಹಾಕಿದರೆ ದೂಳು, ಸದ್ದು ಎರಡೂ ವಿಪರೀತ. ಅಕ್ಕಪಕ್ಕದವರ ಗೋಡೆಗೆ ಅಂಟಿಕೊಂಡ ಮನೆಯಲ್ಲಿ ಅದು ಕಷ್ಟ. ನಾಲ್ಕನೆಯದು, ನಿಮಗೆ ನುಡಿಸಲು ಯಾವಾಗ ಬೇಕು ಎಂಬುದು. ಕೊನೆಯದು, ಕೆಲಸ ಕೆಟ್ಟರೆ ಕೈಯಲ್ಲಿ ಏನು ಉಳಿಯುತ್ತದೆ ಎಂಬುದು.

ಈ ಪಟ್ಟಿಯಲ್ಲಿ ಮರದ ಹೆಸರಿಲ್ಲ, ಗಮನಿಸಿದಿರಾ? ಗಟ್ಟಿ ಬಾಡಿಯ ಎಲೆಕ್ಟ್ರಿಕ್ ಗಿಟಾರಿನಲ್ಲಿ ಪಿಕಪ್ (ತಂತಿಯ ಕೆಳಗೆ ಕೂರುವ, ಅಯಸ್ಕಾಂತ ಮತ್ತು ಸುರುಳಿಯ ಭಾಗ) ಕೇಳಿಸಿಕೊಳ್ಳುವುದು ತಂತಿಯ ಕಂಪನವನ್ನು. ಪಿಕಪ್ ಯಾವುದು, ಅದು ತಂತಿಗೆ ಎಷ್ಟು ಹತ್ತಿರ ಇದೆ, ಆಂಪ್ (ದನಿ ಹೆಚ್ಚಿಸುವ ಪೆಟ್ಟಿಗೆ) ಎಂಥದು, ಇವು ದನಿಯನ್ನು ಬದಲಾಯಿಸುವಷ್ಟು ಬಾಡಿಯ ಮರ ಬದಲಾಯಿಸುವುದಿಲ್ಲ ಎನ್ನುವುದು ನನ್ನ ಅನುಭವ. 1940ರ ಆಸುಪಾಸಿನಲ್ಲಿ ಅಮೆರಿಕದ ಗಿಟಾರ್ ವಾದಕ ಲೆಸ್ ಪಾಲ್ ನಾಲ್ಕಿಂಚು ಚೌಕದ ಪೈನ್ ಮರದ ತುಂಡಿಗೇ ನೆಕ್ಕು, ಪಿಕಪ್ಪು ಜೋಡಿಸಿ ನುಡಿಸಿದ. ನೋಡಲು ಗಿಟಾರಿನ ಹಾಗೆ ಕಾಣಲಿ ಅಂತ ಆಮೇಲೆ ಎರಡು ಪಕ್ಕಕ್ಕೂ ಹಳೆ ಗಿಟಾರಿನ ಅರ್ಧ ಅರ್ಧ ಬಾಡಿ ಅಂಟಿಸಿದ. ಮರದ ವಿಷಯದಲ್ಲಿ ಮುಖ್ಯವಾದವು ಮೂರು: ಚೆನ್ನಾಗಿ ಒಣಗಿರಬೇಕು, ಹೆಗಲಿಗೆ ತೀರಾ ಭಾರವಾಗಬಾರದು, ಸ್ಕ್ರೂ ಹಿಡಿಯಬೇಕು.

ಹಳೆ ಗಿಟಾರ್ ತಂದು ಬದಲಾಯಿಸುವುದು

"ಇದನ್ನು ಕಟ್ಟುವುದು ಅನ್ನುತ್ತಾರಾ?" ಅಂತ ದಾವಣಗೆರೆಯ ಹುಡುಗ ಸ್ವಲ್ಪ ಬೇಜಾರಿನಿಂದಲೇ ಕೇಳಿದ. ಅನ್ನಬಹುದು. ಯಾರದೋ ಮನೆಯ ಅಟ್ಟದಲ್ಲಿ ಬಿದ್ದಿರುವ ಗಿಟಾರನ್ನು ನಾಲ್ಕೈದು ಸಾವಿರಕ್ಕೆ ತಂದು, ಪೂರ್ತಿ ಬಿಚ್ಚಿ, ಬಣ್ಣ ಉಜ್ಜಿ ತೆಗೆದು, ಹೊಸ ಪಿಕಪ್, ಹೊಸ ವೈರಿಂಗ್, ಹೊಸ ನಟ್ (ನೆಕ್ಕಿನ ತಲೆಯ ಕಡೆ ತಂತಿ ಕೂರುವ ಸಣ್ಣ ಪಟ್ಟಿ) ಹಾಕಿ, ಫ್ರೆಟ್ ಸಮ ಮಾಡಿ ಮತ್ತೆ ಜೋಡಿಸಿದರೆ ಮರಗೆಲಸ ಬಿಟ್ಟು ಉಳಿದದ್ದೆಲ್ಲ ಕಲಿತ ಹಾಗೆ.

ಇದರ ದೊಡ್ಡ ಗುಣ ಅಂದರೆ ನೆಕ್ಕನ್ನು ಕಣ್ಣಾರೆ ನೋಡಿ ಕೊಳ್ಳಬಹುದು. ಅದು ಎಷ್ಟೋ ಬೇಸಿಗೆ, ಎಷ್ಟೋ ಮಳೆಗಾಲ ಕಂಡಿದೆ. ಬಾಗಬೇಕಾದದ್ದು ಈಗಾಗಲೇ ಬಾಗಿರುತ್ತದೆ. ಅಂಗಡಿಯಲ್ಲೋ ಮನೆಯಲ್ಲೋ ನೋಡುವಾಗ ಹೀಗೆ ಮಾಡಿ. ಒಂದೇ ತಂತಿಯನ್ನು ಮೊದಲ ಫ್ರೆಟ್‌ನಲ್ಲೂ ಕೊನೆಯ ಫ್ರೆಟ್‌ನಲ್ಲೂ ಒತ್ತಿ ಹಿಡಿಯಿರಿ. ಏಳನೆಯ ಫ್ರೆಟ್ ಹತ್ತಿರ ತಂತಿಗೂ ಫ್ರೆಟ್‌ಗೂ ನಡುವೆ ಒಂದು ತೆಳು ಕಾಗದ ಹೋಗುವಷ್ಟು ಸಂದು ಇದ್ದರೆ ಚೆನ್ನ. ದಪ್ಪ ರಟ್ಟು ಹೋಗುವಷ್ಟಿದ್ದರೆ ಟ್ರಸ್ ರಾಡನ್ನು ಕಾಲು ಸುತ್ತು ತಿರುಗಿಸಿ ನೋಡಲು ಅನುಮತಿ ಕೇಳಿ. ರಾಡ್ ತಿರುಗದೆ ಬಿಗಿಯಾಗಿ ನಿಂತಿದ್ದರೆ, ಅಥವಾ ಎಷ್ಟು ತಿರುಗಿಸಿದರೂ ಸುಮ್ನೆ ಸುತ್ತುತ್ತಿದ್ದರೆ, ಎಷ್ಟೇ ಅಗ್ಗವಾದರೂ ಬಿಟ್ಟು ಬನ್ನಿ. ಹೆಡ್‌ಸ್ಟಾಕ್ (ತಂತಿ ಬಿಗಿಯುವ ತಲೆ) ಕಡೆಯಿಂದ ಒಂದು ಕಣ್ಣು ಮುಚ್ಚಿ ನೆಕ್ಕಿನುದ್ದಕ್ಕೂ ನೋಡಿ. ಹಗ್ಗ ಹೊಸೆದ ಹಾಗೆ ತಿರುಚಿದ್ದರೆ ಅದಕ್ಕೆ ಮದ್ದಿಲ್ಲ. ಸದ್ದು ಬಾರದಿರುವುದು, ನಾಬ್ ಕರಕರ ಅನ್ನುವುದು, ಜಾಕ್ ಸಡಿಲವಾಗಿರುವುದು ನಮಗೆ ಒಳ್ಳೆಯದೇ. ಬೆಲೆ ಇಳಿಸಿ ಕೇಳಬಹುದು, ಹೇಗೂ ಅವನ್ನೆಲ್ಲ ಕಿತ್ತು ಹಾಕುವವರಲ್ವಾ ನಾವು.

ಕೆಲಸ ಕೆಟ್ಟರೂ ನಷ್ಟ ಕಡಿಮೆ. ಅದೇ ದಿನದಿಂದ ನುಡಿಸಬಹುದು. ಕೈಯಲ್ಲಿ ಹತ್ತು ಸಾವಿರ, ಮನೆಯಲ್ಲಿ ಸಲಕರಣೆ ಇಲ್ಲ, ಬೇರೆ ಗಿಟಾರೂ ಇಲ್ಲ ಎನ್ನುವವರಿಗೆ ಇದಕ್ಕಿಂತ ಸರಿಯಾದ ದಾರಿ ನನಗೆ ಕಾಣುವುದಿಲ್ಲ. ಕೊರತೆ ಒಂದೇ: ಆಕಾರ ನಿಮ್ಮದಲ್ಲ.

ಕಿಟ್

ಕಿಟ್ ಅಂದರೆ ಬಾಡಿ ಕೊರೆದು, ನೆಕ್‌ಗೆ ಫ್ರೆಟ್ ಹಾಕಿ, ಎಲ್ಲ ಬಿಡಿಭಾಗ ಸೇರಿಸಿ ಒಂದೇ ಡಬ್ಬಿಯಲ್ಲಿ ಕಳಿಸುವುದು. ನಾನು ನೋಡಿದ ಮಟ್ಟಿಗೆ ನಮ್ಮಲ್ಲಿ ಸಾಧಾರಣ ಕಿಟ್‌ಗಳು ಹತ್ತು ಸಾವಿರದ ಆಸುಪಾಸಿನಲ್ಲಿವೆ. ಹೊರದೇಶದಿಂದ ತರಿಸುವುದಾದರೆ ಸಾಗಣೆ ಮತ್ತು ಕಸ್ಟಮ್ಸ್ ಸುಂಕ ಸೇರಿಸಿಯೇ ಲೆಕ್ಕ ಹಾಕಿ. ಎಷ್ಟೋ ಸಲ ಅಲ್ಲೇ ಅಗ್ಗದ ಮಾತು ಮುಗಿಯುತ್ತದೆ.

ಬೆಂಗಳೂರಿನವರಿಗೆ ನಾನು ಹೇಳಿದ್ದು ಇದನ್ನೇ. ರೌಟರ್ ಬೇಡ, ಗದ್ದಲ ಇಲ್ಲ, ಮೂರು ನಾಲ್ಕು ವಾರಾಂತ್ಯದಲ್ಲಿ ಮುಗಿಯುತ್ತದೆ. ಬಣ್ಣ ಒಣಗುವ ಸಮಯ ಬೇರೆ. ಆದರೆ ಕಿಟ್ಟಿನ ಗುಣಮಟ್ಟ ಏರುಪೇರು. ನೆಕ್ ಮಾಡಿದವರು ಕಾರ್ಖಾನೆಯವರೇ ಆದರೂ ಫ್ರೆಟ್‌ಗಳನ್ನು ಸಮ ಮಾಡಿರುವುದಿಲ್ಲ, ಫ್ರೆಟ್ ತುದಿಗಳು ಬೆರಳಿಗೆ ಚುಚ್ಚುತ್ತವೆ, ನಟ್ ಎತ್ತರವಾಗಿರುತ್ತದೆ. ಈ ಮೂರೂ ಸರಿಪಡಿಸಬಹುದಾದ ದೋಷಗಳೇ. ನಿಮ್ಮಿಂದ ಆಗದಿದ್ದರೆ ಗಿಟಾರ್ ರಿಪೇರಿ ಮಾಡುವವರ ಹತ್ತಿರ ಸೆಟಪ್ ಮಾಡಿಸಲು ಸಾವಿರ, ಎರಡು ಸಾವಿರ ಮೊದಲೇ ಎತ್ತಿಡಿ.

ಕಿಟ್ ಆರಿಸುವಾಗ ನೆಕ್ಕನ್ನು ಸ್ಕ್ರೂ ಹಾಕಿ ಕೂರಿಸುವ ಬಗೆಯನ್ನೇ ತೆಗೆದುಕೊಳ್ಳಿ, ಅಂಟಿಸುವುದು ಬೇಡ. ಸ್ಕ್ರೂ ಆದರೆ ತಪ್ಪಾದಾಗ ಬಿಚ್ಚಿ ತೆಳುವಾದ ಪಟ್ಟಿ ಇಟ್ಟು ಕೋನ ಸರಿ ಮಾಡಬಹುದು. ಅಂಟಿಸಿದ ಮೇಲೆ ಮುಗಿಯಿತು. ತೇಲುವ ಟ್ರೆಮೊಲೊ ಬ್ರಿಜ್ (ಬ್ರಿಜ್ ಅಂದರೆ ಬಾಡಿಯ ಮೇಲೆ ತಂತಿ ಕೂರುವ ಭಾಗ, ಟ್ರೆಮೊಲೊ ಅಂದರೆ ಅದನ್ನು ಹಿಡಿಯಿಂದ ಅಲುಗಿಸಿ ಶ್ರುತಿ ಏರಿಳಿಸುವ ವ್ಯವಸ್ಥೆ) ಇರುವುದಕ್ಕಿಂತ ಗಟ್ಟಿಯಾಗಿ ಕೂರುವ ಬ್ರಿಜ್ ಇರುವುದು ಮೊದಲ ಸಲಕ್ಕೆ ಲೇಸು. ಅಗ್ಗದ ಟ್ರೆಮೊಲೊ ಶ್ರುತಿ ನಿಲ್ಲಲು ಬಿಡುವುದಿಲ್ಲ. ಟೆಲಿಕ್ಯಾಸ್ಟರ್ ಮಾದರಿ ಎಲ್ಲಕ್ಕಿಂತ ಸುಲಭ. ಚಪ್ಪಟೆ ಹಲಗೆ, ಎರಡು ಪಿಕಪ್, ಎರಡು ನಾಬ್, ಒಂದು ಸ್ವಿಚ್, ಅಷ್ಟೇ. 1950ರ ಹೊತ್ತಿಗೆ ಅಮೆರಿಕದ ಗಿಟಾರ್ ತಯಾರಕ ಲಿಯೋ ಫೆಂಡರ್ ಇದನ್ನು ರೂಪಿಸಿದ್ದೇ ಬೇಗ ಮಾಡಲು, ಸುಲಭವಾಗಿ ರಿಪೇರಿ ಮಾಡಲು.

ಡಬ್ಬಿ ಬಂದ ತಕ್ಷಣ ಬಣ್ಣಕ್ಕೆ ಕೈಹಾಕಬೇಡಿ. ಮೊದಲು ಬರೀ ಮರದಲ್ಲೇ ಪೂರ್ತಿ ಜೋಡಿಸಿ, ಎರಡು ಅಂಚಿನ ತಂತಿ ಮಾತ್ರ ಹಾಕಿ ನೋಡಿ. ನೆಕ್ಕಿನ ಎರಡು ಬದಿಗೂ ತಂತಿ ಒಂದೇ ಅಂತರದಲ್ಲಿ ಓಡುತ್ತದೆಯೇ ಅಂತ ಕಣ್ಣಿಟ್ಟು ಗಮನಿಸಿ. ಓಡದಿದ್ದರೆ ವಾಪಸ್ ಕಳಿಸಬಹುದು. ಬಣ್ಣ ಹಚ್ಚಿದ ಮೇಲೆ ಯಾರೂ ವಾಪಸ್ ತೆಗೆದುಕೊಳ್ಳುವುದಿಲ್ಲ.

ಬಣ್ಣದ ಬಗ್ಗೆಯೂ ಎರಡು ಮಾತು. ಮಳೆ ಹಿಡಿದಿರುವಾಗ ಸ್ಪ್ರೇ ಲ್ಯಾಕರ್ ಹೊಡೆದರೆ ತೇವ ಸೇರಿ ಬೆಳ್ಳಗೆ ಮಂಜಾಗುತ್ತದೆ, ಬಿಸಿಲಿಗೆ ಕಾಯಿರಿ. ಬಾಲ್ಕನಿಯವರಿಗೆ ಬಟ್ಟೆಯಲ್ಲಿ ಒರೆಸಿ ಹಚ್ಚುವ ಎಣ್ಣೆ ಅಥವಾ ಫ್ರೆಂಚ್ ಪಾಲಿಶ್ ಸರಿಹೋಗುತ್ತದೆ. ಫ್ರೆಂಚ್ ಪಾಲಿಶ್ಶಿಗೆ ಬೇಕಾದ ಶೆಲ್ಯಾಕ್ ಬೇರೇನಲ್ಲ, ಚನ್ನಪಟ್ಟಣದ ಗೊಂಬೆಗಳಿಗೆ ಹೊಳಪು ಕೊಡುವ ಅರಗೇ. ಅಗಸೆ ಎಣ್ಣೆ ಹಚ್ಚಿದ ಬಟ್ಟೆಯನ್ನು ಮಾತ್ರ ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅದು ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಹುದು. ಬಿಡಿಸಿ, ಹೊರಗೆ ಹರವಿ ಒಣಗಿಸಿ, ಆಮೇಲೆ ಬಿಸಾಡಿ.

ವೈರಿಂಗ್ ಎಲ್ಲ ದಾರಿಗೂ ಒಂದೇ, ಅದಕ್ಕೆ ಇಲ್ಲೇ ಹೇಳಿಬಿಡುತ್ತೇನೆ. ಸಿಂಗಲ್ ಕಾಯಿಲ್ (ಒಂದೇ ಸುರುಳಿಯ) ಪಿಕಪ್‌ಗೆ 250ಕೆ, ಹಂಬಕರ್‌ಗೆ (ಎರಡು ಸುರುಳಿಯದು) 500ಕೆ ಪಾಟ್ (ನಾಬ್ ಕೆಳಗಿನ, ತಿರುಗಿಸಿ ಬದಲಾಯಿಸುವ ರೆಸಿಸ್ಟರ್; ಕೆ ಅಂದರೆ ಸಾವಿರ ಓಮ್). ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲೋ ನಿಮ್ಮೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲೋ ಸರಿಯಾಗಿ ಅದೇ ಸಿಗದಿದ್ದರೆ 220ಕೆ, 470ಕೆ ಕೂಡ ನಡೆಯುತ್ತವೆ. ಬ್ರಿಜ್‌ಗೆ ಒಂದು ಗ್ರೌಂಡ್ ವೈರ್ ಮರೆಯದೆ ಕೊಡಿ. ತಂತಿ ಮುಟ್ಟಿದಾಗ ಗುಂಯ್ ಸದ್ದು ನಿಂತರೆ ಆ ವೈರ್ ಸರಿಯಿದೆ ಅಂತ ಅರ್ಥ.

ಎಲ್ಲವನ್ನೂ ನಾವೇ ಮಾಡುವುದು

ಇದರ ಹೆಸರೆತ್ತಿದರೆ ಎಲ್ಲರಿಗೂ ನೆನಪಾಗುವುದು ಬ್ರಿಟಿಷ್ ರಾಕ್ ತಂಡ ಕ್ವೀನ್‌ನ ಗಿಟಾರ್ ವಾದಕ ಬ್ರಿಯಾನ್ ಮೇ. 1963ರಲ್ಲಿ ಆ ಹುಡುಗ ತನ್ನ ಅಪ್ಪನ ಜೊತೆ ಮನೆಯಲ್ಲೇ ಗಿಟಾರ್ ಕಟ್ಟಲು ಶುರು ಮಾಡಿದ. ನೆಕ್ ಬಂದದ್ದು ಹಳೆ ಬೆಂಕಿಗೂಡಿನ ಚೌಕಟ್ಟಿನ ಮರದಿಂದ. ಟ್ರೆಮೊಲೊಗೆ ಮೋಟಾರ್ ಸೈಕಲ್ಲಿನ ವಾಲ್ವ್ ಸ್ಪ್ರಿಂಗ್, ಅದರ ಹಿಡಿಯ ತುದಿಗೆ ಅಮ್ಮನ ಹೆಣಿಗೆ ಕಡ್ಡಿಯ ತುಂಡು, ಫ್ರೆಟ್ ಗುರುತಿಗೆ ಮುತ್ತಿನ ಚಿಪ್ಪಿನ ಗುಂಡಿ. ಕ್ವೀನ್ ತಂಡದಲ್ಲಿ ಅವನು ನುಡಿಸುತ್ತ ಬಂದದ್ದು ಅದೇ ಗಿಟಾರ್. ಅದರ ಖರ್ಚು ಕಡಿಮೆ ಎನ್ನುವುದನ್ನಷ್ಟೇ ಜನ ಹೇಳುತ್ತಾರೆ. ಅವನ ಅಪ್ಪ ಎಲೆಕ್ಟ್ರಾನಿಕ್ಸ್ ಎಂಜಿನಿಯರ್, ಕೆಲಸ ಸುಮಾರು ಎರಡು ವರ್ಷ ಹಿಡಿಯಿತು ಎನ್ನುವುದನ್ನೂ ಸೇರಿಸಿ ಹೇಳಬೇಕು.

ಇಲ್ಲಿ ನೆಕ್ ಮಾಡುವವರು ನೀವೇ. ಫ್ರೆಟ್ ಲೆಕ್ಕ ಕಷ್ಟದ್ದಲ್ಲ. ನಟ್‌ನಿಂದ ಬ್ರಿಜ್‌ಗೆ 648 ಮಿ.ಮೀ. ಇದ್ದರೆ ಅದನ್ನು 17.817ರಿಂದ ಭಾಗಿಸಿ. 36.37 ಮಿ.ಮೀ.ಗೆ ಮೊದಲ ಫ್ರೆಟ್. ಉಳಿದ ಉದ್ದವನ್ನು ಮತ್ತೆ ಅದೇ ಸಂಖ್ಯೆಯಿಂದ ಭಾಗಿಸುತ್ತ ಹೋಗಿ. ಹನ್ನೆರಡನೆಯದು ಸರಿಯಾಗಿ ಅರ್ಧಕ್ಕೆ, 324ಕ್ಕೆ ಬಂದು ಕೂರುತ್ತದೆ. ಕಷ್ಟ ಇರುವುದು ಕೊಯ್ಯುವುದರಲ್ಲಿ. ಸೀಳು ಅರ್ಧ ಮಿ.ಮೀ. ಚಿಲ್ಲರೆ ಅಗಲ ಮಾತ್ರ ಇರಬೇಕು. ಸಾಮಾನ್ಯ ಹ್ಯಾಕ್ಸಾ ಬ್ಲೇಡ್ ಅದಕ್ಕಿಂತ ಅಗಲ ಕೊಯ್ಯುತ್ತದೆ, ಫ್ರೆಟ್ ಹಿಡಿದು ನಿಲ್ಲುವುದಿಲ್ಲ. ಅದಕ್ಕೇ ಬೇರೆ ಗರಗಸ, ಬೇರೆ ಫೈಲ್, ಬೇರೆ ಬ್ಲಾಕ್ ಬೇಕು. ಸಲಕರಣೆಯ ಖರ್ಚಿನಲ್ಲಿ ಸಿದ್ಧ ನೆಕ್ ಎರಡು ಬರುತ್ತದೆ. ಮೊದಲ ಗಿಟಾರಿಗೆ ನಾನು ಇದನ್ನು ಯಾರಿಗೂ ಹೇಳುವುದಿಲ್ಲ.

ಆದರೂ ಪೂರ್ತಿ ನನ್ನ ಕೈಯದ್ದೇ ಆಗಬೇಕು ಎನ್ನುವವರಿಗೆ ಒಂದು ಒಳದಾರಿ ಇದೆ: ಲ್ಯಾಪ್ ಸ್ಟೀಲ್. ತೊಡೆಯ ಮೇಲೆ ಮಲಗಿಸಿ, ಗೋಟುವಾದ್ಯದಂತೆ ತಂತಿಯ ಮೇಲೆ ಉಕ್ಕಿನ ತುಂಡು ಜಾರಿಸಿ ನುಡಿಸುವ ಗಿಟಾರ್. ಬೆರಳು ಒತ್ತುವುದಿಲ್ಲ, ಹಾಗಾಗಿ ಫ್ರೆಟ್ ಬೇಡ, ಗೆರೆ ಎಳೆದರೆ ಸಾಕು. ನೆಕ್ ತೆಳ್ಳಗಿರಬೇಕಿಲ್ಲ, ಹಾಗಾಗಿ ಟ್ರಸ್ ರಾಡ್ ಕೂಡ ಬೇಡ. ದಪ್ಪ ಹಲಗೆ ಒಂದು, ಟ್ಯೂನರ್ (ತಂತಿ ಬಿಗಿಯುವ ಬಿರಡೆ) ಆರು, ಪಿಕಪ್ ಒಂದು. ಮಾರುಕಟ್ಟೆಯಲ್ಲಿ ಗೆದ್ದ ಮೊದಲ ಎಲೆಕ್ಟ್ರಿಕ್ ಗಿಟಾರ್, 1930ರ ದಶಕದ ಆರಂಭದ ರಿಕನ್‌ಬ್ಯಾಕರ್ ಫ್ರೈಯಿಂಗ್ ಪ್ಯಾನ್, ಕೂಡ ಲ್ಯಾಪ್ ಸ್ಟೀಲೇ. ಗಮಕಗಳ ಸಂಗೀತ ಕೇಳಿ ಬೆಳೆದ ಕಿವಿಗೆ ಈ ವಾದ್ಯ ಬಹಳ ಹತ್ತಿರ.

ನೆಕ್ ಕೊಂಡು, ಬಾಡಿ ಊರಿನ ಮರದಲ್ಲಿ

ನನಗೆ ಅತ್ಯಂತ ಇಷ್ಟದ ದಾರಿ ಇದು. ದುಡ್ಡೆಲ್ಲ ನೆಕ್ಕಿಗೆ, ಪ್ರೀತಿಯೆಲ್ಲ ಬಾಡಿಗೆ. ನೀವು ಮರಗೆಲಸ ಬಲ್ಲವರಾಗಬೇಕಿಲ್ಲ. ಬಾಗಿಲು, ಕಿಟಕಿ ಮಾಡುವ ಆಚಾರ್ರ ಹತ್ತಿರ ರೌಟರ್, ಪ್ಲೇನಿಂಗ್ ಮಿಷನ್ ಇದ್ದೇ ಇರುತ್ತದೆ. ನಕ್ಷೆ ತೋರಿಸಿದರೆ ಅವರ ಕೈ ನಮಗಿಂತ ಚೆನ್ನಾಗಿ ಓಡುತ್ತದೆ.

ಮರದ ಲೆಕ್ಕ ಹೀಗಿದೆ. ಬಾಡಿಗೆ 20 ಇಂಚು ಉದ್ದ, 14 ಇಂಚು ಅಗಲ, 2 ಇಂಚು ದಪ್ಪದ ಹಲಗೆ ಬೇಕು. ಅಂದರೆ ಹೆಚ್ಚುಕಡಿಮೆ ಮೂರನೇ ಒಂದು ಸಿಎಫ್‌ಟಿ (ಘನ ಅಡಿ). ನಿಮ್ಮೂರಿನ ಟಿಂಬರ್ ಡಿಪೋದ ದರವನ್ನು ಮೂರರಿಂದ ಭಾಗಿಸಿದರೆ ಖರ್ಚು ಗೊತ್ತಾಗುತ್ತದೆ. 14 ಇಂಚು ಅಗಲದ ಒಂದೇ ಹಲಗೆ ಸಿಗುವುದು ಕಷ್ಟ. ಎರಡು ಏಳಿಂಚಿನ ಹಲಗೆಗಳ ಅಂಚು ಸಮ ಮಾಡಿ, ಫೆವಿಕಾಲ್ ಹಚ್ಚಿ, ಕ್ಲ್ಯಾಂಪ್ ಬಿಗಿದು ಒಂದು ದಿನ ಬಿಡಿ. ಸರಿಯಾಗಿ ಕೂತ ಅಂಟು ಮರಕ್ಕಿಂತ ಗಟ್ಟಿ.

ಯಾವ ಮರ? ಬಿಡಿ ತುಂಡು ಸಿಕ್ಕರೆ ತೇಗ ಒಳ್ಳೆಯದು, ಹವಾಮಾನಕ್ಕೆ ಅಷ್ಟಾಗಿ ಅಲುಗಾಡುವುದಿಲ್ಲ. ಸ್ವಲ್ಪ ಭಾರ. ಫೆಂಡರಿನವರು ಬಳಸುವ ಆಲ್ಡರ್ ಮರದ ಬಾಡಿ ಸುಮಾರು 2 ಕೆಜಿ ತೂಗಿದರೆ ಅದೇ ಅಳತೆಯ ತೇಗದ್ದು ಎರಡೂವರೆ ದಾಟುತ್ತದೆ. ಎಣ್ಣೆ ಅಂಶ ಇರುವ ಮರವಾದ್ದರಿಂದ ಅಂಟು ಹಚ್ಚುವ ಮುಂಚೆ ಅಂಚನ್ನು ಹೊಸದಾಗಿ ಉಜ್ಜಿ ಸ್ಪಿರಿಟ್‌ನಿಂದ ಒರೆಸಿ. ಕಾಫಿ ತೋಟದ ಸಿಲ್ವರ್ ಓಕ್ ಅಗ್ಗ, ಅದರ ಚುಕ್ಕೆ ಚುಕ್ಕೆ ಎಳೆ ಬಲು ಚೆಂದ. ಹಲಸು ವೀಣೆಗೆ ಆಗಿಬಂದ ಮರ, ಹಳದಿ ಬಣ್ಣ ವರ್ಷ ಕಳೆದಂತೆ ಜೇನಿನ ಬಣ್ಣಕ್ಕೆ ತಿರುಗುತ್ತದೆ. ಬೀಟೆಯ ಆಸೆ ಬಿಡಿ. ಬಾಡಿಗೆ ವಿಪರೀತ ಭಾರ, ಮೇಲಾಗಿ ಕಡಿಯಲು, ಸಾಗಿಸಲು ಅರಣ್ಯ ಇಲಾಖೆಯ ಅನುಮತಿ ಬೇಕು. ಬಿಲ್ಲಿಲ್ಲದ ಬೀಟೆ ಯಾರು ಕೊಟ್ಟರೂ ಬೇಡ.

ಎಲ್ಲಕ್ಕಿಂತ ಮುಖ್ಯ, ಒಣಗಿರುವುದು. ನನ್ನ ಮೊದಲ ಬಾಡಿಗೆ ಒಂದು ಸಾಮಿಲ್ಲಿನಿಂದ ಹಲಗೆ ತಂದೆ. "ಒಣಗಿದೆ ಸಾರ್" ಅಂದರು, ನಾನು ನಂಬಿದೆ. ಮಾರ್ಚ್ ಬರುವ ಹೊತ್ತಿಗೆ ಅಂಟಿಸಿದ ಕಡೆ ಸೀಳು ಬಿತ್ತು, ನೆಕ್ ಕೂರುವ ಗುಳಿ ಸಡಿಲವಾಯಿತು. ಎರಡು ತಿಂಗಳ ಕೆಲಸ ಹೋದಾಗ ತುಂಬಾ ಸಂಕಟವಾಯಿತು. ಈಗ ಯಾರ ಮಾತನ್ನೂ ಕೇಳುವುದಿಲ್ಲ, ತಕ್ಕಡಿಯನ್ನು ಕೇಳುತ್ತೇನೆ. ಹಲಗೆಯನ್ನು ಗಾಳಿಯಾಡುವ ಕಡೆ ಇಟ್ಟು ವಾರಕ್ಕೊಮ್ಮೆ ತೂಗಿ ಬರೆದಿಡಿ. ತೂಕ ಇಳಿಯುತ್ತಿರುವಷ್ಟು ದಿನ ನೀರು ಹೋಗುತ್ತಿದೆ. ಇಳಿಯುವುದು ನಿಂತ ಮೇಲೆ ಕೆಲಸ ಶುರು ಮಾಡಿ.

ನೆಕ್ ಕೈಗೆ ಬರುವ ತನಕ ಗುಳಿ ಕೊರೆಯಬೇಡಿ. ಫೆಂಡರ್ ಮಾದರಿಯಲ್ಲಿ ಅದು ಸುಮಾರು 56 ಮಿ.ಮೀ. ಅಗಲ, 16 ಮಿ.ಮೀ. ಆಳ ಇರುತ್ತದೆ. ಆದರೆ ಅಗ್ಗದ ನೆಕ್‌ಗಳಲ್ಲಿ ಒಂದರ್ಧ ಮಿ.ಮೀ. ವ್ಯತ್ಯಾಸ ಇದ್ದೇ ಇರುತ್ತದೆ. ನಿಮ್ಮ ನೆಕ್ಕಿನ ಬುಡವನ್ನೇ ಇಟ್ಟು ಗೆರೆ ಎಳೆದು, ಪ್ಲೈವುಡ್‌ನಲ್ಲಿ ಅಚ್ಚು ಮಾಡಿ, ಹಾಳು ತುಂಡಿನ ಮೇಲೆ ಕೊರೆದು ನೋಡಿ. ಸ್ಕ್ರೂ ಇಲ್ಲದೆಯೇ ನೆಕ್ ಬಿಗಿಯಾಗಿ ನಿಂತರೆ ಆ ಅಚ್ಚು ಸರಿ. ರೌಟರನ್ನು ಒಂದೇ ಸಲ ಆಳಕ್ಕೆ ಇಳಿಸದೆ ಮೂರು ಮೂರು ಮಿ.ಮೀ. ತೆಗೆಯಿರಿ. ಕನ್ನಡಕ, ಮುಖಕ್ಕೆ ಮಾಸ್ಕ್ ಕಡ್ಡಾಯ. ತೇಗದ ದೂಳು ಚರ್ಮಕ್ಕೂ ಉಸಿರಿಗೂ ಒಳ್ಳೆಯದಲ್ಲ.

ಬ್ರಿಜ್‌ನ ಜಾಗವನ್ನು ನಕ್ಷೆಯಿಂದ ತೆಗೆದುಕೊಳ್ಳಬೇಡಿ. ನೆಕ್ ಕೂರಿಸಿದ ಮೇಲೆ ನಟ್‌ನಿಂದ ಹನ್ನೆರಡನೆಯ ಫ್ರೆಟ್‌ಗೆ ಅಳೆಯಿರಿ. ಅದು 324 ಇದ್ದರೆ ತೆಳುವಾದ ತಂತಿಯ ಸ್ಯಾಡಲ್ (ಬ್ರಿಜ್ ಮೇಲೆ ತಂತಿ ಕೂರುವ ತುಂಡು) 648ರಲ್ಲಿ ಬರಬೇಕು. ದಪ್ಪ ತಂತಿಗಳ ಸ್ಯಾಡಲ್ ಅದಕ್ಕಿಂತ ಎರಡು ಮೂರು ಮಿ.ಮೀ. ಹಿಂದೆ ಹೋಗಬೇಕಾಗುತ್ತದೆ, ಅದಕ್ಕೆ ಸ್ಕ್ರೂನಲ್ಲಿ ಜಾಗ ಬಿಟ್ಟಿರಿ. ಎರಡು ಅಂಚಿನ ತಂತಿಗಳ ಬದಲು ದಾರ ಕಟ್ಟಿ ನೇರ ನೋಡಿ, ಆಮೇಲೆ ತೂತು.

ಸಮಯ ಎರಡು ಮೂರು ತಿಂಗಳು ಬೇಕು, ಮರ ಒಣಗುವುದು ಬೇರೆ. ಕೈಗೆ ತಗಲುವ ಖರ್ಚು ಕಿಟ್ಟಿಗಿಂತ ಸ್ವಲ್ಪ ಜಾಸ್ತಿಯೇ. ಆದರೆ ಬಾಡಿ ಕೆಟ್ಟರೆ ಹೋಗುವುದು ಒಂದು ಹಲಗೆ, ನೆಕ್ ಮತ್ತು ಉಳಿದ ಭಾಗ ಮುಂದಿನದಕ್ಕೆ ಹಾಗೇ ಉಳಿಯುತ್ತವೆ. ಕಿಟ್ಟಿನಲ್ಲಿ ಈ ಸಮಾಧಾನ ಇಲ್ಲ.

ಶಿರಸಿಯ ಹುಡುಗಿ ಆರಿಸಿಕೊಂಡದ್ದು ಈ ದಾರಿಯನ್ನೇ. ಹಿತ್ತಲಲ್ಲಿ ಎಂದೋ ಬಿದ್ದ ಹಲಸಿನ ಹಲಗೆ ಅಡಿಕೆ ಅಟ್ಟದ ಮೇಲಿತ್ತು. ಪ್ರತಿ ಭಾನುವಾರ ಇಳಿಸಿ ತೂಗಿ, ನನಗೆ ತೂಕ ಕಳಿಸುತ್ತಾಳೆ. ಮೊದಲ ವಾರ 6 ಕೆಜಿ 400 ಗ್ರಾಂ ಇತ್ತು. ಕಳೆದ ಮೂರು ಭಾನುವಾರ 5 ಕೆಜಿ 900ರಲ್ಲೇ ನಿಂತಿದೆ. ನೆಕ್ ಬುಧವಾರ ಬರುತ್ತದಂತೆ.